ಅಣುವಿಗೆ ತಿರುಗಲು ಜಾಗ

ನಾನು ಮೊದಲಿನಿಂದಲೂ ಸಿಡುಕಿ. ಹಾಲು ಉಕ್ಕುವ ಮುಂಚೆ ನೀನೇ ಉಕ್ಕುತ್ತೀ ಎಂದು ಅಕ್ಕ ಅಣಕಿಸುತ್ತಾಳೆ. ಅಂಥವಳು ಕೈ ಹಾಕಿದ್ದು ಬೆಟ್ಟದಷ್ಟು ತಾಳ್ಮೆ ಬೇಡುವ ಕೆಲಸಕ್ಕೆ. ವಾರವಿಡೀ ಜೇವರ್ಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ, ರಜೆ ಸಿಕ್ಕರೆ ಪಿಎಚ್‌ಡಿಗೆಂದು ಕಲಬುರಗಿಯ ಪ್ರಯೋಗಾಲಯದಲ್ಲಿ ಅಣು ಕಟ್ಟುವುದು.

ನನ್ನ ಅಣುವಿನ ನಡುವೆ ಎರಡು ಸಾರಜನಕ, ಆಚೆಗೊಂದು ಈಚೆಗೊಂದು ಬೆಂಜೀನ್ ಉಂಗುರ. ನೇರಳಾತೀತ ಬೆಳಕು ತಾಗಿದರೆ ಅದು ಮೊಣಕೈಯಂತೆ ಮಡಚಿಕೊಳ್ಳಬೇಕು, ನೀಲಿ ಬೆಳಕು ಬಿದ್ದರೆ ಮತ್ತೆ ಚಾಚಿಕೊಳ್ಳಬೇಕು. ಇದನ್ನು ಬೆಳಕಿನ ಸ್ವಿಚ್ಚು ಎನ್ನುತ್ತೇವೆ. ಮಡಚುವಾಗ ನುಂಗಿದ ಬಿಸಿಲನ್ನು ಚಾಚುವಾಗ ಶಾಖವಾಗಿ ಬಿಟ್ಟುಕೊಡುವ ಗುಣವೂ ಅದಕ್ಕಿದೆ. ಗಾಜಿನ ಮೇಲೆ ತೆಳ್ಳಗೆ ಬಳಿದು ಹಗಲಿನ ಬಿಸಿಲನ್ನು ಕೂಡಿಡಬೇಕು ಎಂಬುದು ನನ್ನ ಆಸೆ. ಬಿಸಿಲಿಗೆ ನಮ್ಮ ಕಡೆ ಯಾವತ್ತು ಬರ?

ದ್ರಾವಣದಲ್ಲಿ ಅದು ಹೇಳಿದ ಮಾತು ಕೇಳುತ್ತಿತ್ತು. ಒಣಗಿಸಿ ಗಾಜಿಗೆ ಬಳಿದೆನೋ, ಕಲ್ಲಿನಂತೆ ಸುಮ್ಮನಾಗುತ್ತಿತ್ತು. ಮಡಚಿಕೊಂಡರೆ ಕೆಂಪಾಗಬೇಕು, ಎಷ್ಟು ಬೆಳಕು ಹಾಯಿಸಿದರೂ ಅದೇ ಕಿತ್ತಳೆ ಬಣ್ಣ. ನನ್ನ ಮಾರ್ಗದರ್ಶಕರು ಆಳಂದದ ಕಡೆಯವರು, ಮಾತು ಅಳೆದು ತೂಗಿ ಆಡುವವರು. ಒಂದು ದಿನ ಆ ಗಾಜನ್ನು ಕೆಳಗಿಟ್ಟು ಹೇಳಿದರು: “ಈ ಬ್ಯಾಸಗಿ ಮುಗಿಯೂತನ ನೋಡ್ರಿ ಮೇಡಂ. ಗಟ್ಟಿಯೊಳಗ ತಿರುಗಲಿಲ್ಲಂದ್ರ ಈ ಅಣು ಬಿಟ್ಟುಬಿಡ್ರಿ. ಬ್ಯಾರೆ ವಿಷಯ ಕೊಡ್ತೇನಿ.” ನಾನೇ ಗೀಚಿ, ನಾನೇ ಕಟ್ಟಿ, ಹೊಗೆ ಕುಡಿದು ಬೆಳೆಸಿದ ಅಣು. ಅದನ್ನು ಬಿಡುವುದು ಹೇಗೆ? ಆದರೂ ಹೌದ್ರಿ ಎಂದು ಹೊರಬಂದೆ.

ಆ ಭಾನುವಾರ ಪ್ರಯೋಗಾಲಯದ ಮುಖ ನೋಡಲು ಮನಸ್ಸಾಗದೆ ಸೊನ್ನ ಊರಿನ ಅಕ್ಕನ ಮನೆಗೆ ಹೊರಟೆ. ನಮ್ಮ ಮೂರು ಗಾಲಿಯ ಟಂಟಂ ಗಾಡಿಗಳಲ್ಲಿ ಜನ ಕೂರುವುದಿಲ್ಲ, ಅವರನ್ನು ತುಂಬುತ್ತಾರೆ. ನನ್ನ ಮೊಣಕಾಲು ಯಾರದೋ ಚೀಲದೊಳಗಿತ್ತು, ಕುತ್ತಿಗೆ ಹೊರಳಿಸಲೂ ಆಗದು. ಆಗ ದಾರಿಯಲ್ಲಿ ಒಬ್ಬ ಹೆಂಗಸು ದುರಸ್ತಿಯಾದ ಸೀಲಿಂಗ್ ಫ್ಯಾನನ್ನು ಮೂರೂ ರೆಕ್ಕೆಗಳ ಸಮೇತ ಎತ್ತಿಕೊಂಡು ಹತ್ತಿದಳು.

“ರೆಕ್ಕಿ ಬಿಚ್ಚಿಕೊಂಡ ಬರಬೇಕಿಲ್ಲೇನಬೇ?” ಎಂದ ಡ್ರೈವರ್.

“ಬಿಚ್ಚಿದ್ರ ಮತ್ತ ಹಾಕಾವ್ರ್ಯಾರು, ನೀ ಬರ್ತಿಯೇನ?” ಎಂದಳು ಆಕೆ. ಗಾಡಿಯೆಲ್ಲ ನಕ್ಕಿತು.

ಫ್ಯಾನನ್ನು ತೊಡೆಯ ಮೇಲಿಟ್ಟು ಕೂತಳು. ಕಣ್ಣಿಗೆ ಚುಚ್ಚೀತೆಂದು ಎಲ್ಲರೂ ಇನ್ನಷ್ಟು ಒತ್ತಿಕೊಂಡು ಹಿಂದೆ ಸರಿದರು. ಆಕೆಯ ಪಕ್ಕದ ಅಜ್ಜಿಗೆ ರೆಕ್ಕೆಯ ಕೆಳಗೆ ಒಂದಿಷ್ಟು ಜಾಗ ಉಳಿಯಿತು. ಅಜ್ಜಿ ಎಲೆ ಅಡಿಕೆ ಉಗುಳಲು ಹೊರಗೆ ತಿರುಗುವರು, ಹರಟೆಗೆ ಒಳಗೆ ತಿರುಗುವರು. ಇಡೀ ಗಾಡಿಯಲ್ಲಿ ಆರಾಮಾಗಿ ಆಚೆ ಈಚೆ ತಿರುಗುತ್ತಿದ್ದವರು ಅವರೊಬ್ಬರೇ. ನಾನು ಅವರನ್ನೇ ನೋಡುತ್ತಿದ್ದೆ. “ಯಾಕ್ಬೇ, ನಿನಗೂ ಎಲಿ ಬೇಕೇನು?” ಎಂದರು.

ಗಟ್ಟಿ ಪದಾರ್ಥದಲ್ಲಿ ತಿರುಗಿ ಮಡಚಿಕೊಳ್ಳಲು ಅಣುಗಳಿಗೆ ಜಾಗ ಬೇಕೆಂಬುದು ಹೊಸ ಮಾತಲ್ಲ, ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ. ಆದರೆ ಜಾಗ ಮಾಡಲೆಂದು ನಾನು ಅಣುವಿಗೆ ಉದ್ದುದ್ದ ಬಾಲಗಳನ್ನು ಜೋಡಿಸುತ್ತ ಹೋಗಿದ್ದೆ. ಆ ಬಾಲಗಳು ಒಂದಕ್ಕೊಂದು ಒತ್ತಿ ಕೂತು ಇನ್ನಷ್ಟು ಬಿಗಿಯಾಗುತ್ತಿದ್ದವು. ಬೇಕಾಗಿದ್ದದ್ದು ಉದ್ದದ್ದಲ್ಲ, ಆ ಫ್ಯಾನಿನಂತೆ ಒಡ್ಡೊಡ್ಡಾಗಿ ಚಾಚಿಕೊಂಡದ್ದು. ಒಂದು ಇಂಗಾಲದಿಂದ ಇನ್ನು ಮೂರು ಇಂಗಾಲಗಳು ಮೂರು ದಿಕ್ಕಿಗೆ ಹರಡಿದ ಗುಂಪೊಂದಿದೆ. ಉಂಗುರಗಳಿಗೆ ಅದನ್ನು ಕೂರಿಸಬೇಕು. ಅಕ್ಕನ ಮನೆಯಲ್ಲಿ ರೊಟ್ಟಿ ಪಲ್ಯ ತಿಂದದ್ದಷ್ಟೇ, ಮುಂದಿನ ಗಾಡಿಗೇ ಹೊರಟೆ. “ಬಂದ್ಯಾಕ, ಹೊಂಟ್ಯಾಕ?” ಎಂದು ಅಕ್ಕ ಬಾಗಿಲಲ್ಲೇ ಬೈದಳು.

ಹೊಳೆದದ್ದು ಸುಲಭ, ಕಟ್ಟುವುದು ಕಷ್ಟ. ಮೊದಲ ಸಲ ಬಂದದ್ದು ಡಾಂಬರಿನಂಥ ಕಪ್ಪು ಮುದ್ದೆ. ಎರಡನೆಯದು ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಮೇಲೇಳಲೇ ಇಲ್ಲ. ಸಿಟ್ಟಿಗೆ ಫ್ಲಾಸ್ಕು ಎತ್ತಿ ಒಗೆಯಬೇಕೆನಿಸಿತು, ಇದ್ದ ಒಳ್ಳೆಯ ಫ್ಲಾಸ್ಕು ಅದೊಂದೇ ಎಂದು ಬಿಟ್ಟೆ. ಬೇಸಗೆಯ ಕೊನೆಗೆ, ಮೊದಲ ಮಳೆಯ ಮೋಡ ಕಾಣುವ ಹೊತ್ತಿಗೆ, ಚೊಕ್ಕ ಕಿತ್ತಳೆ ಪುಡಿ ಕೈಗೆ ಬಂತು.

ಗಾಜಿಗೆ ಬಳಿದು, ಒಣಗಿಸಿ, ಮಾರ್ಗದರ್ಶಕರನ್ನು ಕರೆದೆ. ನೇರಳಾತೀತ ದೀಪದ ಕೆಳಗಿಟ್ಟೆವು. ಅಂಚಿನಿಂದ ನಿಧಾನವಾಗಿ ಕಿತ್ತಳೆ ಕೆಂಪಗಾಯಿತು.

“ಹೋತು, ಖರೆ. ಮರಳಿ ಬರ್ತದೇನು?” ಎಂದರು ಅವರು.

ನೀಲಿ ದೀಪ ಹಚ್ಚಿದೆ. ಕೆಂಪು ಒಂದಿಷ್ಟೂ ಅವಸರವಿಲ್ಲದೆ ಕಿತ್ತಳೆಗೆ ಮರಳಿತು. ಅವರು ಸ್ಟೂಲು ಎಳೆದುಕೊಂಡು ಕೂತರು.

“ಇನ್ನೊಮ್ಮೆ ಮಾಡ್ರಿ.”

ಮಾಡಿದೆ. ಮತ್ತೊಮ್ಮೆ ಎಂದರು. ಹಾಗೆಯೇ ಮಾಡುತ್ತ ಹೋದೆ. ಊಟದ ಹೊತ್ತು ಮೀರಿತು, ಗಾಜು ದಣಿಯಲಿಲ್ಲ. ಅವರ ಡಬ್ಬಿ ಮೇಜಿನ ಮೇಲೆ ಆರುತ್ತಿತ್ತು.

ಕೊನೆಗೆ ಎದ್ದು ಕನ್ನಡಕ ಒರೆಸಿಕೊಂಡರು. “ವಿಷಯ ಬದಲಿ ಮಾಡೂದು ಬ್ಯಾಡ್ರಿ ಮೇಡಂ,” ಎಂದರು. “ನಿಮ್ಮ ಅಣು ನಿಮಗಿರ್ಲಿ.”

ಕಣ್ಣೀರು ಅದರ ಮೇಲೆ ಬೀಳಬಾರದೆಂದು ಗಾಜನ್ನು ದೂರ ಸರಿಸಿ, ಆಮೇಲೆ ಅತ್ತೆ.