ಹೇರಿನ ಸಮೇತ ಬರ್ರಿ

ಇಂಡಿ ಪಟ್ಟಣದ ಮಾರುಕಟ್ಟೆ ಅಂಗಳದ ಗೇಟು ಇನ್ನೂ ಪೂರ್ತಿ ತೆರೆದಿಲ್ಲ. ಲಿಂಬೆಹಣ್ಣಿನ ಚೀಲ ಹೇರಿಕೊಂಡ ಟೆಂಪೊಗಳು ಒಂದರ ಹಿಂದೊಂದು ನಿಂತಿವೆ. ಗೇಟಿನ ಎದುರಿನ ತಗಡಿನ ಶೆಡ್ಡಿನಲ್ಲಿ ಗಾಡಿ ರಿಪೇರಿಯ ನಬಿಸಾಬ ನದಾಫ ಆಗಲೇ ಕೆಲಸಕ್ಕೆ ಇಳಿದಿದ್ದಾರೆ. ಇಳಿದಿದ್ದಾರೆ ಎನ್ನುವುದೂ ಪೂರ್ತಿ ನಿಜವಲ್ಲ. ಗುರಪ್ಪ ಎಂಬ ಲಿಂಬೆ ಬೆಳೆಗಾರನ ಮೋಟರ್‌ಸೈಕಲ್ಲಿನ ಸುತ್ತ, ಕೈ ಹಿಂದೆ ಕಟ್ಟಿಕೊಂಡು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಸುತ್ತು ಹಾಕುತ್ತಿದ್ದಾರೆ. ಸ್ಪ್ಯಾನರ್ ಇನ್ನೂ ಡಬ್ಬಿಯಲ್ಲೇ ಇದೆ.

"ಏರು ಬಂತಂದ್ರ ಕೆಮ್ಮತೈತಿ ಕಾಕಾ. ಒಂದೀಟು ದೊಡ್ಡ ಜೆಟ್ ಹಾಕಿ ಕೊಡ್ರಿ," ಎನ್ನುತ್ತಾನೆ ಗುರಪ್ಪ.

"ಹೇರು ಏನು ಒಯ್ತಿ?"

"ಎರಡು ಚೀಲ ಲಿಂಬಿಕಾಯಿ. ತಂದೇನಲ್ರಿ, ಇಲ್ಲೇ ಅದಾವು ನೋಡ್ರಿ."

ನಬಿಸಾಬರು ಬಗ್ಗಿ ಗಾಡಿಯ ಎಡಗಡೆ ನೋಡುತ್ತಾರೆ. ಅಡ್ಡ ಕೂರುವ ಹೆಣ್ಣುಮಕ್ಕಳು ಕಾಲಿಡುವ ತಗಡು ಅದು. ಬಣ್ಣವೆಲ್ಲ ಹೋಗಿ ಬೆಳ್ಳಗೆ ಹೊಳೆಯುತ್ತಿದೆ. "ಇಲ್ಲಿ ಕಾಲೂರಿ ಕುಂಡ್ರಾವ್ರು ಯಾರು?" ಎಂದು ಕೇಳುತ್ತಾರೆ.

ಗುರಪ್ಪ ತಲೆ ಕೆರೆದುಕೊಳ್ಳುತ್ತಾನೆ. "ನಮ್ಮವ್ವ ರೀ. ವ್ಯಾಪಾರದಾಗ ನನ್ನ ಮ್ಯಾಲ ಆಕಿಗೆ ನಂಬಿಗಿಲ್ಲ. ದಿನಾ ಚೀಲದ ಜೋಡಿ ಬರ್ತಾಳ. ಇವತ್ತ ಗಾಡಿ ರಿಪೇರಿ ಅಂತ ಬಿಟ್ಟ ಬಂದೇನಿ."

"ಹೋಗು, ಅವ್ವನ್ನ ಕರಕೊಂಡು ಬಾ. ಆಕಿ ಬರೂ ತನಕಾ ನಾ ಸ್ಪ್ಯಾನರ್ ಮುಟ್ಟಂಗಿಲ್ಲ."

ಶೆಡ್ಡಿನ ತಗಡಿನ ಮೇಲೆ ಇದ್ದಿಲಿನಲ್ಲಿ ಬರೆದ ಫಲಕವೂ ಅದನ್ನೇ ಹೇಳುತ್ತದೆ: ಹೇರಿನ ಸಮೇತ ಬರ್ರಿ. ಈ ಭಾಗದಲ್ಲಿ ಹೇರು ಎಂದರೆ ಗಾಡಿ ಹೊರುವ ಭಾರ. ಒಬ್ಬನೇ ಬಂದವನ ಗಾಡಿಯನ್ನು ನಬಿಸಾಬರು ನೋಡುವುದಿಲ್ಲ. ಹಾಲಿನವನು ಕ್ಯಾನು ತುಂಬಿಕೊಂಡೇ ಬರಬೇಕು, ಬಟ್ಟೆ ಮಾರುವವನು ಗಂಟು ಕಟ್ಟಿಕೊಂಡೇ ಬರಬೇಕು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವನು ಸಂಸಾರವನ್ನೇ ಎಬ್ಬಿಸಿಕೊಂಡು ಬರಬೇಕು. ಹಾಗಾಗಿ ಬೆಳಗಿನ ಹೊತ್ತು ಈ ಶೆಡ್ಡಿನ ಮುಂದೆ ಗ್ಯಾರೇಜಿಗಿಂತ ಹೆಚ್ಚಾಗಿ ಬಸ್‌ಸ್ಟ್ಯಾಂಡಿನ ಗದ್ದಲ ಇರುತ್ತದೆ.

ಜೆಟ್ ಎಂದರೆ ದೊಡ್ಡ ವಸ್ತುವೇನಲ್ಲ. ಕಾರ್ಬೊರೇಟರಿನ ಹೊಟ್ಟೆಯಲ್ಲಿ ಅಡಗಿ ಕೂತಿರುವ, ಕಿರುಬೆರಳ ಉಗುರಿಗಿಂತ ಸಣ್ಣ ಹಿತ್ತಾಳೆ ತುಂಡು. ನಡುವೆ ಒಂದು ತೂತು. ಇಂಜಿನ್ನಿಗೆ ಹೋಗುವ ಪೆಟ್ರೋಲು ಆ ತೂತಿನಿಂದಲೇ ಹೋಗಬೇಕು. ಸಣ್ಣದಾದರೆ ಗಾಡಿಗೆ ಹಸಿವು, ದೊಡ್ಡದಾದರೆ ಅಜೀರ್ಣ. ಸೊಲ್ಲಾಪುರದಿಂದ ತರಿಸಿದ ಜೆಟ್ ಕಿಟ್ಟಿನಲ್ಲಿ ಒಂದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡ ತೂತಿನ ಜೆಟ್‌ಗಳು ಇರುತ್ತವೆ. ನಬಿಸಾಬರು ಅವನ್ನೆಲ್ಲ ಹೆಂಡತಿಯ ಹಳೆಯ ಮಸಾಲೆ ಡಬ್ಬಿಗೆ ಸುರಿದಿದ್ದಾರೆ. ಸಾಸಿವೆಯ ಬಟ್ಟಲಲ್ಲಿ ಸಣ್ಣವು, ಜೀರಿಗೆಯ ಬಟ್ಟಲಲ್ಲಿ ದೊಡ್ಡವು. ಡಬ್ಬಿ ತೆರೆದರೆ ಈಗಲೂ ಮೊದಲು ಮೂಗಿಗೆ ಬಡಿಯುವುದು ಅರಿಸಿನದ ವಾಸನೆ.

"ಯಾವ ಜೆಟ್ ಅಂತ ನಾ ಹೇಳಂಗಿಲ್ರಿ, ಪ್ಲಗ್ ಹೇಳತೈತಿ," ಎನ್ನುತ್ತಾರೆ ಅವರು. "ಹೇರು ಹಾಕ್ಕೊಂಡು ಏರಿನಾಗ ಪೂರಾ ರೇಸ್ ಕೊಡಬೇಕು. ಅಲ್ಲೇ ಗಪ್ಪನ ಗಾಡಿ ಬಂದ್ ಮಾಡಿ ಪ್ಲಗ್ ಬಿಚ್ಚಬೇಕು. ಬೂದಿ ಬಣ್ಣ ಇದ್ರ ಉಪಾಸ ಐತಿ. ಕರ್ರಗ ಇದ್ರ ಬಾಳ ತಿಂದೈತಿ. ಇಟ್ಟಂಗಿ ಬಣ್ಣ ಬಂತೋ, ಮುಗೀತು, ಮನಿಗೆ ಹೋಗ್ರಿ."

ಈ ಕಟ್ಟುನಿಟ್ಟು ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಕಲಿತದ್ದು. ನಬಿಸಾಬರ ತಂದೆ ಮನೆ ಮನೆಗೆ ಹೋಗಿ ಗಾದಿಯ ಅರಳೆ ಹಿಂಜುತ್ತಿದ್ದವರು. ಹಿಂಜುವ ಬಿಲ್ಲಿನ ಹೆದೆ ಟಂಯ್ ಎಂದರೆ ಅರಳೆ ಹದವಾಗಿದೆಯೋ ಇಲ್ಲವೋ ಎಂದು ಆ ಸದ್ದಿನಲ್ಲೇ ಹೇಳಬಲ್ಲವರು. ಊರಿಗೆ ಹಿಂಜುವ ಮಷಿನ್ನು ಬಂದ ಮೇಲೆ ಬಿಲ್ಲು ಗೋಡೆ ಸೇರಿತು, ಮಗ ಸೊಲ್ಲಾಪುರದ ಗ್ಯಾರೇಜು ಸೇರಿದ. ಇಂಡಿಗೆ ಮರಳಿ ಬೇವಿನ ಗಿಡದ ಬುಡದಲ್ಲಿ ಅಂಗಡಿ ಹಾಕಿದ ಹೊಸತರಲ್ಲಿ, ಬಸವನ ಬಾಗೇವಾಡಿಯ ಪಾತ್ರೆ ವ್ಯಾಪಾರಿಯೊಬ್ಬನ ಗಾಡಿಯನ್ನು ಖಾಲಿ ಓಡಿಸಿ ನೋಡಿ, ಭೇಷಾಗಿದೆ ಎಂದು ಕಳಿಸಿಕೊಟ್ಟರು. ಮರುವಾರ ಆತ ಕೊಪ್ಪರಿಗೆ, ಹಂಡೆಗಳ ಸಮೇತ ಅರ್ಧ ದಾರಿಯಲ್ಲಿ ಕೆಟ್ಟು ನಿಂತು, ಗಾಡಿ ದಬ್ಬಿಕೊಂಡು ಇವರ ಮುಂದೆಯೇ ಬಂದು ನಿಂತ. ಅಂದಿನಿಂದ ಈ ನೇಮ.

ಮುದ್ದೇಬಿಹಾಳದ ಬ್ಯಾಂಡ್‌ಸೆಟ್ಟಿನ ಭೀಮಶ್ಯಾ ಬಂದದ್ದಂತೂ ಇಲ್ಲಿನವರು ಮರೆಯದ ಪ್ರಸಂಗ. ದೊಡ್ಡ ಡ್ರಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಅಷ್ಟು ದೂರದಿಂದ ಬಂದಿದ್ದ. ಡ್ರಮ್ಮಿಗೆ ಭಾರವೇ ಇಲ್ಲ, ಅದನ್ನು ತರಲು ಹೇಳಿದ್ದೇಕೆ ಎಂದು ಜನ ನಕ್ಕರು. "ಹೇರಂದ್ರ ಬರೇ ತೂಕಲ್ರಿ. ಆ ಡ್ರಮ್ಮು ಎಷ್ಟು ಗಾಳಿ ತಡೀತೈತಿ ನೋಡ್ರಿ, ಗಾಳೀನೂ ಹೇರ," ಎಂದು ನಬಿಸಾಬರು ಜೆಟ್ ಬದಲಿಸಿದರು. ಈಗ ಆ ಕಡೆಯ ಲಗ್ನಗಳಲ್ಲಿ ಬ್ಯಾಂಡಿನವರು ವರನಿಗಿಂತ ಮೊದಲೇ ಮುಟ್ಟುತ್ತಾರಂತೆ.

ಅಷ್ಟರಲ್ಲಿ ಗುರಪ್ಪ ತಾಯಿ ಶಂಕ್ರೆವ್ವನನ್ನು ಕೂರಿಸಿಕೊಂಡು ಬಂದೇಬಿಡುತ್ತಾನೆ. ಅಜ್ಜಿ ಎರಡು ಚೀಲಗಳ ನಡುವೆ ಜಮಖಾನೆ ಹಾಸಿಕೊಂಡು ಊರಗೌಡನ ಹೆಂಡತಿ ಗೌಡಶಾನಿಯ ಹಾಗೆ ಕೂತಿದ್ದಾರೆ. ಸಿಂದಗಿ ರಸ್ತೆಯ ಏರಿಗೆ ಹೋಗಿ ಬರುವುದು, ಪ್ಲಗ್ ಬಿಚ್ಚುವುದು, ಜೆಟ್ ಬದಲಿಸುವುದು, ಮತ್ತೆ ಹೋಗುವುದು. ಅಜ್ಜಿಗೆ ಈ ಸವಾರಿ ಹಿತವಾಗಿಯೇ ಇದೆ. ಕೊನೆಗೆ ಪ್ಲಗ್ಗಿಗೆ ಇಟ್ಟಂಗಿ ಬಣ್ಣ, ಎಂದರೆ ಸುಟ್ಟ ಇಟ್ಟಿಗೆಯ ಕೆಂಪು, ಬರುತ್ತದೆ. ಗುರಪ್ಪನಿಗಿಂತ ಹೆಚ್ಚು ಖುಷಿಪಟ್ಟವರು ನಬಿಸಾಬರೇ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸುತ್ತಾರೆ.

ಆಗ ಅಜ್ಜಿಯ ಕಣ್ಣು ಶೆಡ್ಡಿನ ಮೂಲೆಯಲ್ಲಿ ನಿಂತ ಇನ್ನೊಂದು ಗಾಡಿಯ ಮೇಲೆ ಬೀಳುತ್ತದೆ. ಕರೆಯಲು ಬಂದಾಗಲೇ ಮಗ ತಗಡಿನ ಕಥೆಯನ್ನೆಲ್ಲ ಹೇಳಿದ್ದಾನಲ್ಲ, ನೆಟ್ಟಗೆ ಹೋಗಿ ಅದರ ಎಡಗಡೆಯ ತಗಡು ನೋಡುತ್ತಾರೆ.

"ತಮ್ಮಾ, ಇದು ಯಾರ ಗಾಡಿ? ಕಾಲೂರೋ ತಗಡಿನ ಬಣ್ಣನ ಹೋಗಿಲ್ಲ. ಲಗ್ನ ಆಗದಾವಂದೇನು?"

ಗಾಡಿ ನಬಿಸಾಬರದ್ದು. ಅವರು ಮಸಾಲೆ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗುತ್ತಾರೆ. ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ಇಮಾಮಬಿ, ಅವರ ಹೆಂಡತಿ, ಉತ್ತರ ಕೊಡುತ್ತಾರೆ.

"ಲಗ್ನ ಆಗೇತ್ರಿ ಯವ್ವಾ, ನನ್ನ ಜೋಡೀನ ಆಗೇತಿ. ಎರಡ ಸಲ ಕುಂತೇನಿ. ಎರಡೂ ಸಲ ಸಾಲೋಟಗಿ ಹಾದ್ಯಾಗ, ಹಳ್ಳದ ಏರಿನಾಗ ಇಳಿಸ್ಯಾರ. ಇವ್ರು ಗಾಡಿ ಮ್ಯಾಲ, ನಾ ಹಿಂದ ನಡಕೋಂತ. ಮುಂದ ಟೆಂಪೊ ಹಿಡದೆ."

ಸಾಲೋಟಗಿ ಇಮಾಮಬಿಯವರ ತವರು. ಇಂಡಿಯಲ್ಲಿ ಜೆಟ್ ನಬಿಸಾಬ ಎಂದು ಹೆಸರಾದವರಿಗೆ ಅಲ್ಲಿ ಬೇರೆಯೇ ಹೆಸರಿದೆ. ಅರ್ಧ ದಾರಿ ಅಳ್ಯಾ. ಈ ಭಾನುವಾರ ಅಲ್ಲಿಯೇ ಇಮಾಮಬಿಯ ತಂಗಿ ಅಬಿದಾಳ ಮಗಳ ನಿಕಾಹ್.

ತಪ್ಪು ಎಲ್ಲಿದೆ ಎಂಬುದು ನಬಿಸಾಬರಿಗೆ ಗೊತ್ತಿಲ್ಲದ್ದೇನಲ್ಲ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಒಬ್ಬರೇ ಓಡಾಡುವ ಗಾಡಿ. ಪೆಟ್ರೋಲು ಉಳಿಯಲಿ ಎಂದು ಸಾಸಿವೆ ಬಟ್ಟಲಿನ ಎಲ್ಲಕ್ಕಿಂತ ಸಣ್ಣ ಜೆಟ್ಟನ್ನು ಹಾಕಿಕೊಂಡಿದ್ದಾರೆ. ಊರಿನವರ ಹೇರನ್ನೆಲ್ಲ ಬಲ್ಲ ಮನುಷ್ಯ ಮನೆಯ ಹೇರನ್ನೇ ಲೆಕ್ಕಕ್ಕೆ ಹಿಡಿದಿಲ್ಲ. ಸೇರಿದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೊದಲು ನಾಚಿ ಕೆಂಪಾದ ನಬಿಸಾಬರೂ ಆಮೇಲೆ ಅದರಲ್ಲಿ ಸೇರಿಕೊಳ್ಳುತ್ತಾರೆ.

"ಈ ಸಲ ಗಾಡಿ ಮ್ಯಾಲ ಬರ್ತೇನಿ," ಎಂದು ಇಮಾಮಬಿ ಎಲ್ಲರ ಎದುರಿಗೇ ಹೇಳುತ್ತಾರೆ. "ಏರಿನಾಗ ಇಳಿಸಿದ್ರ ನೋಡ್ರಿ, ಇನ್ನ ಸಾಯೂ ತನಕಾ ಟೆಂಪೊನ."

"ಆತು. ನಡಿ ಹಂಗಾದ್ರ, ಈಗ ಕುಂಡ್ರು, ಜೆಟ್ ನೋಡೂಣು."

"ಅಯ್ಯ! ಹೇರಿ ಹೇರಿ ನೋಡಾಕ ನಾ ಏನು ಲಿಂಬಿಕಾಯಿ ಚೀಲೇನ್ರಿ? ಕುಂಡ್ರೂದು ಒಂದ ಸಲ, ಲಗ್ನದ ದಿನ."

ಹೇರು ತಾನೇ ಬರಲೊಲ್ಲೆ ಎಂದದ್ದು ನಬಿಸಾಬರ ಅಂಗಡಿಯಲ್ಲಿ ಇದೇ ಮೊದಲು. ಗುರಪ್ಪ ಉಪಕಾರಕ್ಕೆ ಮುಂದಾಗುತ್ತಾನೆ. "ಚಿಗವ್ವನ ಬದಲಿ ನಮ್ಮ ಲಿಂಬಿಕಾಯಿ ಹಾಕ್ಕೊಂಡು ನೋಡ್ರಿ ಕಾಕಾ. ಎಷ್ಟು ಹಾಕ್ಲಿ?"

ಹೆಂಡತಿಯ ತೂಕವನ್ನು ಆಕೆಯ ಎದುರೇ ಹೇಳುವುದುಂಟೇ, ನಬಿಸಾಬರು ಕೈಲಿದ್ದ ಪ್ಲಗ್ಗು ತಿಕ್ಕತೊಡಗುತ್ತಾರೆ. ಬುತ್ತಿಯ ಡಬ್ಬಿ ಒರೆಸುತ್ತಿರುವ ಇಮಾಮಬಿಯ ಕಿವಿ ಇತ್ತಲೇ ಇದೆ. ಗುರಪ್ಪ ತನಗೆ ತೋಚಿದಷ್ಟು ಚೀಲಕ್ಕೆ ತುಂಬುತ್ತಾನೆ.

"ಅಷ್ಟ್ಯಾಕೋ? ಅರ್ಧಾ ತಗೀ," ಎನ್ನುತ್ತಾರೆ ಇಮಾಮಬಿ.

ಗುರಪ್ಪ ಅರ್ಧ ತೆಗೆಯುತ್ತಾನೆ. ಆಕೆ ಮನೆಗೆ ಹೋದ ಮೇಲೆ ನಬಿಸಾಬರು ಸದ್ದಿಲ್ಲದೆ ತೆಗೆದದ್ದನ್ನೆಲ್ಲ ಮತ್ತೆ ತುಂಬುತ್ತಾರೆ, ಇರಲಿ ಎಂದು ಮೇಲೆ ಎರಡು ಬೊಗಸೆ ಹೆಚ್ಚಿಗೆ ಹಾಕುತ್ತಾರೆ. ಶನಿವಾರ ಬೆಳಿಗ್ಗೆ ಅಂಗಡಿ ಮುಚ್ಚಿ ಹಳ್ಳದ ಏರಿನಲ್ಲೇ ಬೀಡು ಬಿಡುತ್ತಾರೆ. ಜೆಟ್ಟಿನ ನಂಬರು ಹೆಚ್ಚಿದಷ್ಟೂ ತೂತು ದೊಡ್ಡದು. ಎಂಬತ್ತೈದು ನಂಬರಿನ ಜೆಟ್ಟಿಗೆ ಗಾಡಿ ನಡುವೆ ಒಮ್ಮೆ ಕೆಮ್ಮುತ್ತದೆ. ತೊಂಬತ್ತೈದಕ್ಕೆ ಏರು ಹತ್ತುತ್ತದೆ, ಆದರೆ ಪ್ಲಗ್ ಕಾಡಿಗೆಯಾಗುತ್ತದೆ. ತೊಂಬತ್ತಕ್ಕೆ ಕೆಮ್ಮಿಲ್ಲ, ಪ್ಲಗ್ಗಿನ ಬಣ್ಣವೂ ಒಪ್ಪುವಂತಿದೆ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಚೀಲ ಸುಮ್ಮನೆ ಕೂರುತ್ತದೆ, ಮನುಷ್ಯರು ಹಾಗಲ್ಲ ಎಂಬುದು ಅವರ ಅಳುಕು.

ಅಳುಕಿದ್ದಕ್ಕೆ ಕಾರಣವೂ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಇಮಾಮಬಿ ಜರಿಯ ಸೀರೆಯುಟ್ಟು ಹೊರಬರುತ್ತಾರೆ, ಕಂಕುಳಲ್ಲಿ ತಂಗಿಯ ಮಗಳಿಗೆ ಕೊಡಲೆಂದು ತಾಮ್ರದ ದೊಡ್ಡ ಹಂಡೆ. ನಬಿಸಾಬರು ಅದರ ತೂಕವನ್ನು ಕಣ್ಣಲ್ಲೇ ಅಳೆಯುತ್ತಾರೆ. ಹಂಡೆಯ ವಿಷಯ ಯಾರೂ ಹೇಳಿರಲಿಲ್ಲ, ತಾವೂ ಕೇಳಿರಲಿಲ್ಲ. ತೊಂಬತ್ತರ ಜೆಟ್ಟನ್ನೇ ಗಾಡಿಯಲ್ಲಿ ಬಿಟ್ಟು, ಅಂಗಿಯ ಜೇಬಿನಲ್ಲಿ ಉಳಿದ ಎರಡು ಜೆಟ್‌ಗಳನ್ನೂ ಸ್ಪ್ಯಾನರನ್ನೂ ಇಟ್ಟುಕೊಂಡು ಗಾಡಿ ಚಾಲೂ ಮಾಡುತ್ತಾರೆ.

ಹಳ್ಳ ದಾಟುತ್ತಲೇ ಏರಿನ ಬುಡದ ಹುಣಸೆ ಮರ ಕಾಣುತ್ತದೆ. ಹಿಂದಿನ ಎರಡೂ ಸಲ ಇಳಿದ ಜಾಗ. ಇಮಾಮಬಿ ನೆರಿಗೆ ಎತ್ತಿ ಹಿಡಿಯುತ್ತಾರೆ. ಗಂಡನ ಹೆಗಲ ಮೇಲಿದ್ದ ಕೈ ಸಡಿಲವಾಗುತ್ತದೆ.

"ಇಳೀಲೇನ್ರಿ?"

"ಕುಂಡ್ರು."

ನಬಿಸಾಬರು ಪೂರಾ ರೇಸ್ ಕೊಡುತ್ತಾರೆ. ತಂದೆ ಬಿಲ್ಲಿಗೆ ಕಿವಿ ಕೊಟ್ಟ ಹಾಗೆ ಇಂಜಿನ್ನಿಗೆ ಕಿವಿ ಕೊಟ್ಟಿದ್ದಾರೆ. ಒಂದು ಕೆಮ್ಮು ಬರಬಹುದೇ? ಬರುವುದಿಲ್ಲ. ನಡು ಏರು ದಾಟುತ್ತದೆ. ಹಂಡೆ ಬೆನ್ನಿಗೆ ಒತ್ತುತ್ತದೆ. ಹೆಗಲ ಮೇಲಿನ ಕೈ ಮತ್ತೆ ಬಿಗಿಯಾಗುತ್ತದೆ. ಗಾಡಿ ಒಂದೇ ದನಿಯಲ್ಲಿ ಗುಂಯ್‌ಗುಡುತ್ತ ಏರಿನ ನೆತ್ತಿಗೆ ಬಂದು ಮುಟ್ಟುತ್ತದೆ. ನಬಿಸಾಬರಿಗೆ ಕೂಗಿಬಿಡಬೇಕು ಎನ್ನಿಸುವಷ್ಟು ಸಂತೋಷವಾಗುತ್ತದೆ.

"ಹೊಳ್ಳಸ್ರಿ ಗಾಡಿ," ಎನ್ನುತ್ತಾರೆ ಇಮಾಮಬಿ.

"ಯಾಕ? ಏನ್ ಬಿಟ್ಟ ಬಂದಿ?"

"ಏನೂ ಬಿಟ್ಟಿಲ್ಲ. ಹಿಂದ ಸಾಲೋಟಗಿ ಟೆಂಪೊ ಬರಾಕತ್ತೈತಿ, ನಮ್ಮ ಮಂದಿ ಎಲ್ಲಾ ಅದರಾಗ ಅದಾರ. ಕೆಳಗ ಹೋಗಿ ಇನ್ನೊಮ್ಮೆ ಹತ್ತೂಣು. ನೋಡ್ಲಿ."

ಅವರು ಗಾಡಿ ತಿರುಗಿಸಿ ಏರಿನ ಬುಡಕ್ಕೆ ಇಳಿಯುತ್ತಾರೆ, ಟೆಂಪೊ ಹುಣಸೆ ಮರದ ಹತ್ತಿರ ಬರುವವರೆಗೆ ಕಾಯುತ್ತಾರೆ, ಅದರ ಪಕ್ಕದಲ್ಲೇ ಮತ್ತೆ ಹತ್ತುತ್ತಾರೆ. ತುಂಬಿದ ಟೆಂಪೊ ಉಬ್ಬಸ ಪಡುತ್ತ ಹಿಂದೆ ಬೀಳುತ್ತದೆ. ಕಿಟಕಿಯಿಂದ ಹೊರಗೆ ಬಂದ ತಲೆಗಳಿಗೆಲ್ಲ ಇಮಾಮಬಿ ಹಂಡೆ ಎತ್ತಿ ತೋರಿಸುತ್ತಾರೆ. ಮದುವೆ ಮನೆಯಲ್ಲಿ ಆ ದಿನ ಅರ್ಧ ದಾರಿ ಅಳ್ಯಾ ಎಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲವಂತೆ.

ಸೋಮವಾರ ನಸುಕಿನಲ್ಲಿ ಮತ್ತೆ ಅದೇ ಶೆಡ್ಡು, ಅದೇ ಟೆಂಪೊಗಳ ಸಾಲು. ಯಾರೋ ಹಾಲಿನವನು ಕ್ಯಾನು ಕಟ್ಟಿಕೊಂಡು ಕಾಯುತ್ತಿದ್ದಾನೆ. ನಬಿಸಾಬರು ಮೊದಲು ತಮ್ಮದೇ ಗಾಡಿಯ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಇಟ್ಟಂಗಿ ಬಣ್ಣ. ಇನ್ನು ಜೀವನದಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರು ಕೈ ಒರೆಸಿಕೊಂಡು ಗಾಡಿಯ ಎಡಗಡೆ ಬಗ್ಗಿ, ಕಪ್ಪು ಬಣ್ಣ ಇನ್ನೂ ಮಾಸದ ಆ ತಗಡನ್ನು ತೋರಿಸುತ್ತಾರೆ.

"ಇದರ ಬಣ್ಣ ಪೂರಾ ಹೋಗಬೇಕ್ರಿ. ಆಕಿ ಕಾಲಿಟ್ಟು ಇಟ್ಟು ಹೋಗಬೇಕು. ಅಷ್ಟ."