ಸ್ಪೈರಲ್ ಆಂಟಿ ಮತ್ತು ಬಿದ್ದುಹೋದ ಪುಟ

ಹೊರಗಿನಿಂದ ಬಂದ ಪರೀಕ್ಷಕರು ಸ್ಪೈರಲ್ ಆಂಟಿಯನ್ನು ಸಂಖ್ಯಾಶಾಸ್ತ್ರದ ಮೇಡಂ ಎಂದುಕೊಂಡದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಆ ವಿಭಾಗಕ್ಕೆ ಇದ್ದದ್ದೇ ಒಂದು ಒಳ್ಳೆಯ ಕುರ್ಚಿ, ಅದರಲ್ಲಿ ಆ ಹೊತ್ತಿಗೆ ಕೂತಿದ್ದವಳು ಅವಳು. ಮೂವತ್ತೆಂಟು ರೆಕಾರ್ಡ್ ಪುಸ್ತಕಗಳಿಗೆ ಸ್ಪೈರಲ್ ಹಾಕಿ, ಎರಡು ಮಹಡಿ ಹೊತ್ತು ತಂದು, ಏದುಸಿರು ಇಳಿಯಲಿ ಎಂದು ಫ್ಯಾನಿನ ಕೆಳಗೆ ಕುಸಿದಿದ್ದಳು. ಪರೀಕ್ಷಕರು ಅರ್ಧ ಗಂಟೆ ಮುಂಚೆ ಬಂದವರು ಎದುರಿನ ಸ್ಟೂಲಿನ ಮೇಲೆ ಕೂತು, ಮೇಲಿನ ಪುಸ್ತಕವನ್ನು ಎಳೆದುಕೊಂಡು ಬಿಡಿಸಿದರು. ಎರಡನೆಯದನ್ನು ಬಿಡಿಸಿದರು. ಮೂರನೆಯದಕ್ಕೆ ಹುಬ್ಬು ಮೇಲೇರಿತು.

ಅಸಲಿ ಮೇಡಂ ಬಾಗಿಲಿಗೆ ಬಂದದ್ದು ಆಗ. ಅಟೆಂಡರ್ ರಜೆಯಲ್ಲಿದ್ದ. ಹಾಗಾಗಿ ಎರಡು ಕಪ್ಪು ಟೀ ಇಟ್ಟ ತಟ್ಟೆ ಮೇಡಂ ಅವರ ಕೈಯಲ್ಲೇ ಇತ್ತು. ಒಳಗೆ ಪರೀಕ್ಷಕರು ಕೇಳುತ್ತಿದ್ದ ಪ್ರಶ್ನೆ ಕಿವಿಗೆ ಬಿದ್ದು ಅವರ ಕಾಲು ಹೊಸ್ತಿಲಲ್ಲೇ ನಿಂತಿತು.

ರೆಕಾರ್ಡಿನಲ್ಲಿದ್ದ ಲೆಕ್ಕ ಸರಳ. ನೂರು ಪೊಟ್ಟಣ ತೂಗಿದ್ದಾರೆ, ತೂಕಗಳ ಮಾನಕ ವಿಚಲನೆ ಇಪ್ಪತ್ತು ಗ್ರಾಂ, ಸರಾಸರಿಯ ಸ್ಟ್ಯಾಂಡರ್ಡ್ ಎರರ್ ಎಷ್ಟು? ನೂರರ ವರ್ಗಮೂಲ ಹತ್ತು. ಇಪ್ಪತ್ತನ್ನು ಹತ್ತರಿಂದ ಭಾಗಿಸಿದರೆ ಎರಡು. ಅಲ್ಲಿಗೆ ಗಂಟು ಮೂಟೆ ಕಟ್ಟಬೇಕು. ಆದರೆ ಮೂವತ್ತೆಂಟು ಮಕ್ಕಳೂ "ತಿದ್ದುಪಡಿ" ಎಂದು ಬರೆದು, ಇನ್ನೊಂದು ಸಲ ಹತ್ತರಿಂದ ಭಾಗಿಸಿ, ಸೊನ್ನೆ ಪಾಯಿಂಟ್ ಎರಡಕ್ಕೆ ಬಂದು ನಿಂತಿದ್ದರು. ಇದು ಯಾವ ಊರಿನ ತಿದ್ದುಪಡಿ ಎಂದು ಪರೀಕ್ಷಕರು ಕೇಳಿದ್ದರು.

"ಎರಡೇ ಸರಿ ಸಾರ್," ಎಂದಳು ಸ್ಪೈರಲ್ ಆಂಟಿ, ತೂತು ಹೊಡೆದಾಗ ಉದುರಿ ಸೆರಗಿಗೆ ಅಂಟಿದ್ದ ಕಾಗದದ ಚುಕ್ಕಿಗಳನ್ನು ಕೊಡವುತ್ತ. "ಪಠ್ಯಪುಸ್ತಕದ ಹಿಂದಿನ ಪುಟದ ಉತ್ತರದಲ್ಲಿ ಅಚ್ಚಿನ ತಪ್ಪಿದೆ. ಅದಕ್ಕೆ ಹೊಂದಿಸೋಕೆ ಹೋಗಿ ಹೀಗಾಗಿದೆ."

ಪರೀಕ್ಷಕರಿಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷದ ಸರ್ವಿಸಿನಲ್ಲಿ ತಪ್ಪನ್ನು ತಾವೇ ಒಪ್ಪಿಕೊಂಡ ಲೆಕ್ಚರರನ್ನು ತಾನು ನೋಡಿದ್ದು ಇದೇ ಮೊದಲು ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, ಹನ್ನೊಂದು ಪ್ರಬಂಧ ಪ್ರಕಟಿಸಿದ, ಚಿನ್ನದ ಪದಕ ಪಡೆದ ಮೇಡಂ ಅವರಿಗೆ, "ಟೀ ಇಲ್ಲಿಟ್ಟು ಹೋಗಮ್ಮ. ಸಕ್ಕರೆ ಕಮ್ಮಿ ತಾನೆ?" ಎಂದರು.

ಮೇಡಂ ತಟ್ಟೆಯನ್ನು ಮೇಜಿನ ಮೇಲಿಟ್ಟ ಸದ್ದಿಗೆ ಸ್ಪೈರಲ್ ಆಂಟಿ ದಡಬಡಿಸಿ ಎದ್ದಳು. ಮಡಿಲಲ್ಲಿ ಉಳಿದಿದ್ದ ಚುಕ್ಕಿಗಳೆಲ್ಲ ಹಾರಿ ಕಪ್ಪುಗಳಲ್ಲಿ ತೇಲಿದವು. "ಇವರೇ ಸಾರ್ ಮೇಡಂ, ನನ್ನ ಅಕ್ಕ, ಅಂದ್ರೆ ನಮ್ಮ ಭಾವನ ಹೆಂಡತಿ, ನಾನು ಬೈಂಡಿಂಗಿನವಳು," ಎಂದು ಒಂದೇ ಉಸಿರಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮಾಯವಾದಳು. ಉಳಿದ ಇಬ್ಬರೂ ಚುಕ್ಕಿ ಆರಿಸುತ್ತ ಬಹಳ ಹೊತ್ತು ಟೀ ನೋಡುತ್ತಿದ್ದರು.

ಈ ಸ್ಪೈರಲ್ ಆಂಟಿ ಯಾರು ಎಂದು ಹೇಳದಿದ್ದರೆ ಮೇಡಂ ಅವರ ಸಂಕಟ ಯಾರಿಗೂ ತಿಳಿಯುವುದಿಲ್ಲ. ಒಂದೇ ಮನೆ, ಎರಡು ಅಂತಸ್ತು. ಮೇಲೆ ಅಣ್ಣ ಮತ್ತು ಮೇಡಂ, ಕೆಳಗೆ ತಮ್ಮ ಮತ್ತು ಅವಳು. ತಮ್ಮ ನೀರಿನ ಮೀಟರ್ ಓದುವವನು. ಅವಳು ಡಿಗ್ರಿಯ ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟು ಬಂದವಳು. ಮದುವೆಯಾದ ಹೊಸತರಲ್ಲಿ ಮೇಡಂ ಅವಳಿಗೆ ಉಳಿದ ಓದು ಮುಗಿಸು ಎಂದು ಪ್ರೀತಿಯಿಂದಲೇ ಹೇಳಿದ್ದರು. ಅವಳು ಹೂಂ ಎಂದು, ರಸ್ತೆಗೆ ಮುಖ ಮಾಡಿದ್ದ ಮುಂದಿನ ಕೋಣೆಯಲ್ಲಿ ಒಂದು ತೂತು ಹೊಡೆಯುವ ಮಷಿನ್ ಇಟ್ಟುಕೊಂಡಳು. ಮೊದಲ ಗಿರಾಕಿಯ ಪ್ರಾಜೆಕ್ಟ್ ರಿಪೋರ್ಟನ್ನು ತಲೆಕೆಳಗಾಗಿ ಬೈಂಡ್ ಮಾಡಿದಳು. ಅವನು ಅದನ್ನು ಹಾಗೇ ಒಪ್ಪಿಸಿ ಪಾಸಾದ.

ಲೆಕ್ಕಗಳ ಸಹವಾಸ ಹತ್ತಿದ್ದು ಮಾತ್ರ ಫ್ಯಾನಿನಿಂದ. ಒಂದು ದಿನ ಯಾರದೋ ಅರ್ಥಶಾಸ್ತ್ರದ ನೂರಾ ನಲವತ್ತು ಹಾಳೆ ಮೇಜಿನಿಂದ ಹಾರಿ ಕೋಣೆ ತುಂಬ ಹರಡಿತು. ಪುಣ್ಯಾತ್ಮ ಒಂದಕ್ಕೂ ಪುಟಸಂಖ್ಯೆ ಹಾಕಿರಲಿಲ್ಲ. ಬೇರೆಯವರಾಗಿದ್ದರೆ ಹೇಗೆ ಸಿಕ್ಕಿತೋ ಹಾಗೆ ತೂತು ಹೊಡೆದು ಕೊಡುತ್ತಿದ್ದರು. ಇವಳಿಗೆ ಮನಸ್ಸು ಒಪ್ಪಲಿಲ್ಲ. ನೆಲದ ಮೇಲೆ ಕೂತು ಒಂದೊಂದನ್ನೂ ಓದಿ, ಯಾವ ಸಾಲಿನ ಬಾಲ ಯಾವ ಸಾಲಿನ ತಲೆಗೆ ಕೂಡುತ್ತದೆ ಎಂದು ಎರಡು ದಿನ ಜೋಡಿಸಿದಳು. ಕೊನೆಗೆ ಹುಡುಗ ಬಂದಾಗ, ಬೆಲೆ ಏರಿದ್ದಕ್ಕೂ ಬೇಡಿಕೆ ಇಳಿದದ್ದಕ್ಕೂ ನಡುವೆ ಒಂದು ಪುಟ ಕಳೆದುಹೋಗಿದೆ, ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದು ಕ್ಷಮೆ ಕೇಳಿದಳು.

"ಕಳೆದಿಲ್ಲ ಆಂಟಿ," ಎಂದ ಅವನು. "ಅದನ್ನ ನಾನು ಬರೆದೇ ಇಲ್ಲ."

ಅಂದಿನಿಂದ ಅವಳಿಗೆ ಅದೇ ಚಟ. ಬೈಂಡಿಂಗಿಗೆ ಬಂದ ಹಾಳೆಗಳನ್ನು ಓದಿಯೇ ತೂತು ಹೊಡೆಯುವುದು. ಹಣಕಾಸಿನ ಲೆಕ್ಕದಲ್ಲಿ ಐದು ವರ್ಷದ ನಂತರದ ಮೊತ್ತ ಇದ್ದಕ್ಕಿದ್ದಂತೆ ಇವತ್ತಿನ ಮೊತ್ತದ ಪಕ್ಕ ಬಂದು ಕೂತಿದ್ದರೆ, "ಇದು ಇಷ್ಟು ಬೇಗ ಹೇಗೆ ಬಂತು, ಮಧ್ಯದ ಪುಟ ಎಲ್ಲಿ?" ಎನ್ನುವುದು. ಭೌತಶಾಸ್ತ್ರದಲ್ಲಿ ಇಳಿಜಾರಿನ ಮೇಲೆ ಜಾರುವ ಡಬ್ಬಿಗೆ ಮೇಲಿನ ಸಾಲಿನಲ್ಲಿದ್ದ ಘರ್ಷಣೆ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮಾಯವಾಗಿದ್ದರೆ, ಎಲ್ಲಿ ಬೀಳಿಸಿಕೊಂಡು ಬಂದೆ ಎಂದು ವಿಚಾರಿಸುವುದು. ಅವಳು ಒಂದು ಲೆಕ್ಕವನ್ನೂ ಬಿಡಿಸುತ್ತಿರಲಿಲ್ಲ. ಪುಟ ಬಿದ್ದುಹೋಗಿದೆ ಎನ್ನುತ್ತಿದ್ದಳು, ಮಕ್ಕಳು ತಲೆ ಕೆರೆದುಕೊಂಡು ಆ ಪುಟವನ್ನು ಅಲ್ಲೇ ಕೂತು ಬರೆಯುತ್ತಿದ್ದರು. ನಾಲ್ಕೇ ವರ್ಷದಲ್ಲಿ ಕಾಲೇಜಿನ ಅರ್ಧ ಅಂಗಡಿಯಲ್ಲಿತ್ತು.

ಮೇಲೆ ಮೇಡಂ ಅವರ ಟ್ಯೂಷನ್ ಇತ್ತು. ಬಿಳಿ ಬೋರ್ಡು, ಮೂರು ಬಣ್ಣದ ಮಾರ್ಕರ್, ಹನ್ನೆರಡು ಕುರ್ಚಿ. ಒಂದು ಕಾಲಕ್ಕೆ ಕುರ್ಚಿ ಸಾಲದೆ ಕಿಟಕಿಕಟ್ಟೆಯ ಮೇಲೆ ಕೂರುತ್ತಿದ್ದರು. ಈಗ ಕುರ್ಚಿಗಳೇ ಒಂದರ ಮೇಲೊಂದು ಕೂತಿದ್ದವು. ಅರ್ಥಶಾಸ್ತ್ರದವರು ಹೇಳುವಂತೆ, ಪೂರೈಕೆ ಮೇಲಿನ ಮಹಡಿಯಲ್ಲಿ, ಬೇಡಿಕೆ ಕೆಳಗಿನ ಮಹಡಿಯಲ್ಲಿ. ಮೇಡಂ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು, ಅಂಗಡಿಯ ಮುಂದಿನ ಚಪ್ಪಲಿ ಎಣಿಸುತ್ತಿದ್ದರು. ಹಾಳಾದ ವಿದ್ಯೆ, ಹೊಟ್ಟೆಕಿಚ್ಚಿಗೂ ಅಂಕಿಅಂಶ ಬೇಕು ಎನ್ನುತ್ತದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಗೆರೆ, ಅಡ್ಡ ಒಂದು ಗೆರೆ ಎಂದು ಪಟ್ಟಿ ಬೆಳೆಯಿತು. ದಿನದ ಸರಾಸರಿ ಹದಿನಾಲ್ಕು ಜೊತೆ, ಗುರುವಾರ ಹೆಚ್ಚು. ಒಂದೇ ಬಟ್ಟೆಯನ್ನು ಮೂರು ಸಲ ಒಣಹಾಕಿದ್ದನ್ನು ಕಂಡ ಗಂಡ, ಒಗೆಯುವ ಮೊದಲೇ ಒಣಗಿಸುವ ವಿಧಾನವೇನಾದರೂ ಬಂದಿದೆಯೇ ಎಂದು ಕೇಳಿದರು. ಉತ್ತರವಾಗಿ ಒದ್ದೆ ಟವೆಲ್ ಸಿಕ್ಕಿತು.

ಹದಿಮೂರು ಜೊತೆಯನ್ನು ಮೇಡಂ ಹೇಗೋ ಸಹಿಸುತ್ತಿದ್ದರು. ಹದಿನಾಲ್ಕನೆಯದು ಹಸಿರು ಪಟ್ಟಿಯ ಚಪ್ಪಲಿ. ಅದನ್ನು ಕೊಡಿಸಿದವರು ಅವರೇ.

ಒಬ್ಬಳೇ ಮಗಳು, ಅದೇ ಕಾಲೇಜು, ಅವರದೇ ತರಗತಿ. ಕಾಲೇಜಿನಿಂದ ಬಂದವಳು ಬ್ಯಾಗನ್ನು ಮೇಲೆ ಎಸೆದು, ಪುಸ್ತಕ ಹಿಡಿದು ಕೆಳಗಿಳಿಯುತ್ತಿದ್ದಳು. ಅಮ್ಮ ಕೇಳಿದರೆ ಚಿಕ್ಕಮ್ಮನಿಗೆ ಹಾಳೆ ಜೋಡಿಸಿಕೊಡೋಕೆ ಎನ್ನುತ್ತಿದ್ದಳು. ಮೇಡಂ ಅವರಿಗೆ ಚಿನ್ನದ ಪದಕವೂ ಬೇಡ, ಹನ್ನೆರಡು ಕುರ್ಚಿ ತುಂಬುವುದೂ ಬೇಡವಾಗಿತ್ತು. ಮಗಳು ಒಂದೇ ಒಂದು ಸಲ ಪುಸ್ತಕ ತಂದು ಎದುರಿಗೆ ಇಟ್ಟು, ಅಮ್ಮಾ ಇದು ಬರ್ತಿಲ್ಲ ಎನ್ನಬೇಕಿತ್ತು. ಎರಡು ವರ್ಷದಿಂದ ಅಂದಿರಲಿಲ್ಲ.

ಆ ದಿನ ಪರೀಕ್ಷಕರನ್ನು ಬಸ್ ಹತ್ತಿಸಿ ಮನೆಯ ಕಡೆ ನಡೆಯುವಾಗ ಮೇಡಂ ಅವರ ಒಳಗೆ ಉರಿಯುತ್ತಿದ್ದದ್ದು ಅವಮಾನವೋ ಮತ್ಸರವೋ ಅವರಿಗೇ ಬೇರ್ಪಡಿಸಲಾಗಲಿಲ್ಲ. ಆ ತಿದ್ದುಪಡಿ ಹುಟ್ಟಿದ ದಿನ ಏನಾಯಿತೆಂದು ಅವರಿಗೆ ಮಾತ್ರ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಕೂತು ಪಾಠ ನೋಡುತ್ತಿದ್ದರು. ಬೋರ್ಡಿನ ಮೇಲೆ ಎರಡು ಬಂತು. ಮುಂದಿನ ಸಾಲಿನಿಂದ ಒಬ್ಬ ಎದ್ದು, ಪುಸ್ತಕದ ಹಿಂದೆ ಸೊನ್ನೆ ಪಾಯಿಂಟ್ ಎರಡು ಅಂತಿದೆ ಮೇಡಂ ಎಂದ. ಅಚ್ಚಿನ ತಪ್ಪು ಎನ್ನುವ ಧೈರ್ಯ ಆ ಗಳಿಗೆಯಲ್ಲಿ ಬರಲಿಲ್ಲ. ಇನ್ನೂ ಒಂದು ಹೆಜ್ಜೆ ಬಾಕಿ ಇದೆ ಎಂದು ಅವರ ಬಾಯಿಯೇ ಹೇಳಿಬಿಟ್ಟಿತು. ಪ್ರಿನ್ಸಿಪಾಲರು ತಲೆಯಾಡಿಸಿದರು. ಮರುದಿನ ಸರಿಪಡಿಸೋಣವೆಂದರೆ ಮಕ್ಕಳು ಆಗಲೇ ನೋಟ್ಸಿನಲ್ಲಿ ಕೆಂಪು ಗೆರೆ ಎಳೆದಿದ್ದರು. ಮರುವರ್ಷದವರು ಆ ನೋಟ್ಸನ್ನೇ ಇಳಿಸಿಕೊಂಡರು. ಹೀಗೆ ಎರರ್ ಒಂದು ಸ್ಟ್ಯಾಂಡರ್ಡ್ ಆಯಿತು.

ಈಗ ಅದು ಮಗಳ ಕಿವಿಗೆ ಚಿಕ್ಕಮ್ಮನ ಬಾಯಿಂದ ಬೀಳುವ ಮೊದಲು ತಾನೇ ಹೇಳಿಬಿಡಬೇಕು. ಅಷ್ಟಾದರೂ ತನಗೆ ಉಳಿಯಲಿ. ನಾಳೆ ತರಗತಿಯಲ್ಲಿ ಟೆಸ್ಟ್ ಬೇರೆ ಇತ್ತು, ಅದರಲ್ಲಿ ಆ ಲೆಕ್ಕವೇ ಇತ್ತು. ಮೇಡಂ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡರು. ಮನೆಯ ಮುಂದೆ ಬಂದಾಗ ಅಂಗಡಿಯ ಹೊರಗೆ ಒಂದೇ ಜೊತೆ ಚಪ್ಪಲಿ ಇತ್ತು, ಹಸಿರು ಪಟ್ಟಿಯದು.

ಒಳಗೆ ಮಗಳು ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಬರೆಯುತ್ತಿದ್ದಳು. ಚಿಕ್ಕಮ್ಮ ಹಿಂದಿನ ಕೋಣೆಯಲ್ಲಿ ಕವರಿನ ಹಾಳೆ ಕತ್ತರಿಸುತ್ತಿದ್ದಳು. ಮೇಡಂ ನಿಂತುಕೊಂಡೇ ಪೊಟ್ಟಣದ ಲೆಕ್ಕದ ಉತ್ತರ ಎರಡು ಎಂದರು. ತಾನು ಹೇಳಿಕೊಟ್ಟದ್ದು ತಪ್ಪು, ಇಷ್ಟು ವರ್ಷವೂ ತಪ್ಪು ಎಂದರು.

ಮಗಳು ತಲೆ ಎತ್ತಿದಳು. ಆಶ್ಚರ್ಯದ ಸುಳಿವೂ ಇರಲಿಲ್ಲ.

"ಗೊತ್ತಮ್ಮ. ನಿನ್ನ ಟೆಸ್ಟಲ್ಲಿ ಸೊನ್ನೆ ಪಾಯಿಂಟ್ ಎರಡು, ಯೂನಿವರ್ಸಿಟಿ ಪರೀಕ್ಷೇಲಿ ಎರಡು. ಸೇರಿದ ಮೊದಲನೇ ವಾರಾನೇ ಸೀನಿಯರ್ಸ್ ಹೇಳಿಕೊಡ್ತಾರೆ."

ಮೇಡಂ ಕೈಗೆ ಸಿಕ್ಕ ಕಾಗದದ ಕಟ್ಟಿನ ಮೇಲೆ ಕೂತರು. ಹತ್ತೊಂಬತ್ತು ಬ್ಯಾಚು. ಕಾರಿಡಾರಿನಲ್ಲಿ ಅಷ್ಟು ವಿನಯದಿಂದ ಗುಡ್ ಮಾರ್ನಿಂಗ್ ಹೇಳಿದ ಅಷ್ಟೂ ಮುಖಗಳು. ಕೊನೆಗೆ ಅವರು ಕೇಳಿದ್ದು ಒಂದೇ, ಇದನ್ನು ಚಿಕ್ಕಮ್ಮ ಎಷ್ಟು ಸಲ ಎತ್ತಿ ಆಡಿದ್ದಾಳೆ ಎಂದು.

"ಚಿಕ್ಕಮ್ಮ ಅದರ ಮಾತೇ ಎತ್ತೋಕೆ ಬಿಡಲ್ಲ," ಎಂದಳು ಮಗಳು. "ಬೇರೆ ಎಲ್ಲಾದಕ್ಕೂ ಪುಟ ಬಿದ್ದಿದೆ ಅಂತಾರೆ. ಅದು ಬಂದ್ರೆ ಮಾತ್ರ, ನೋಡದೇನೇ, ಮುಂದಿನದು ತೆಗಿ ಅಂತಾರೆ. ಯಾರಾದ್ರೂ ನಕ್ಕರೆ ಅವತ್ತು ಅವರ ಕೆಲಸ ತಗೊಳಲ್ಲ."

ದೂರಲು ಬಾಯಿ ತೆರೆದ ಕಡೆ ದೂರಿಗೇ ಜಾಗವಿಲ್ಲದಂತಾಯಿತು. ಅವಳು ತನ್ನ ಬಗ್ಗೆ ಬೆನ್ನ ಹಿಂದೆ ಆಡಿಕೊಂಡಿದ್ದರೆ ಮೇಡಂ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು; ನಾಲ್ಕು ದಿನ ಮಾತು ಬಿಟ್ಟು ಸುಖವಾಗಿರಬಹುದಿತ್ತು. ಒಳ್ಳೆಯತನದಲ್ಲೂ ಒಂದು ಹೆಜ್ಜೆ ಮುಂದೆ ಹೋದವಳ ಮೇಲೆ ಹೊಟ್ಟೆಕಿಚ್ಚು ಆರುವುದು ಹೇಗೆ? ಇನ್ನಷ್ಟು ಸೌದೆ ಬಿದ್ದಂತಾಯಿತು. ಮಗಳು ಪುಸ್ತಕ ಮುಚ್ಚಿ, ಹಸಿವಾಗ್ತಿದೆ ಎಂದು ಮೆಟ್ಟಿಲು ಹತ್ತಿಹೋದಳು.

ಸ್ಪೈರಲ್ ಆಂಟಿ ಹಿಂದಿನ ಕೋಣೆಯಿಂದ ಬಂದವಳು ಓರಗಿತ್ತಿಯನ್ನು ಕಂಡು ತಬ್ಬಿಬ್ಬಾದಳು. ಬೆಳಗ್ಗೆ ಆ ಕುರ್ಚಿಯಲ್ಲಿ ಕೂತದ್ದಕ್ಕೆ, ಟೀಯಲ್ಲಿ ಚುಕ್ಕಿ ಬಿದ್ದದ್ದಕ್ಕೆ, ಕೇಳಿದ್ದಕ್ಕೆ ಉತ್ತರ ಕೊಟ್ಟದ್ದಕ್ಕೆ ಎಂದು ಮೂರು ಕ್ಷಮೆ ಸಾಲಾಗಿ ಕೇಳಿದಳು. ಮೇಡಂ ಕೈ ಅಡ್ಡ ಮಾಡಿ ನಿಲ್ಲಿಸಿದರು. ಪರೀಕ್ಷಕರು ಒಂದು ವಾರದೊಳಗೆ ಎಲ್ಲ ರೆಕಾರ್ಡುಗಳನ್ನೂ ತಿದ್ದಿಸಿ ಕಳಿಸಲು ಹೇಳಿದ್ದಾರೆ, ಮೂವತ್ತೆಂಟನ್ನೂ ಬಿಚ್ಚಿ ಹೊಸ ಹಾಳೆ ಸೇರಿಸಬೇಕು ಎಂದರು. ಅವಳು ಬಿಚ್ಚಿಕೊಡುತ್ತೇನೆ ಎಂದಳು. ನಾಳೆ ತರಗತಿಯಲ್ಲಿ ತಾನೇ ಎದ್ದುನಿಂತು ಹೇಳುತ್ತೇನೆ ಎಂದೂ ಮೇಡಂ ಹೇಳಿದರು. ಅವಳು ಒಳಗೆ ಹೋದಳು. ನೀರಿನ ಲೋಟ ತಂದು ಮುಂದಿಟ್ಟಳು.

ಮೇಡಂ ನೀರು ಕುಡಿದರು. ಲೋಟ ಕೆಳಗಿಟ್ಟರು. ಎರಡು ವರ್ಷ ಬಾಲ್ಕನಿಯಲ್ಲಿ ನಿಂತು ತಮಗೆ ತಾವೇ ಕೇಳಿಕೊಂಡದ್ದನ್ನು ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾಗದು ಅನ್ನಿಸಿತು.

"ಒಂದು ಮಾತು ನಿಜ ಹೇಳೇ. ನಾನು ಅವಳ ಹೆತ್ತ ತಾಯಿ, ಕಲಿಸೋದೇ ನನ್ನ ಕೆಲಸ. ಒಂದು ಲೆಕ್ಕಾನೂ ನನ್ನ ಹತ್ತಿರ ತರಲ್ಲ, ಎಲ್ಲಾ ಇಲ್ಲಿಗೇ ತರ್ತಾಳೆ. ನನ್ನ ಹತ್ತಿರ ಇಲ್ಲದ್ದು ನಿನ್ನ ಹತ್ತಿರ ಏನಿದೆ?"

ಸ್ಪೈರಲ್ ಆಂಟಿ ಕತ್ತರಿಸಿದ ಹಾಳೆಗಳನ್ನು ಮೇಜಿಗೆ ತಟ್ಟಿ ಅಂಚು ಸಮ ಮಾಡುತ್ತ ಯೋಚಿಸಿದಳು. ತಾನೂ ಅದನ್ನು ಹಿಂದೆ ಹುಡುಗಿಯನ್ನೇ ವಿಚಾರಿಸಿ ತಿಳಿದುಕೊಂಡವಳಂತೆ, ಹೇಳಬೇಕೋ ಬೇಡವೋ ಎಂದು ಅಂಚನ್ನು ಮತ್ತೊಮ್ಮೆ ತಟ್ಟಿದಳು.

"ನಾನು ಏಳು ಗಂಟೆಗೆ ಅಂಗಡಿ ಮುಚ್ತೀನಲ್ಲ ಅಕ್ಕ. ಅಮ್ಮ ಹಿಡ್ಕೊಂಡ್ರೆ ಲೆಕ್ಕ ಬರೋ ತನಕ ಬಿಡಲ್ವಂತೆ. ಇಲ್ಲಾದ್ರೆ ಲೆಕ್ಕ ಬಂದ್ರೂ ಸರಿ, ಬರದಿದ್ರೂ ಸರಿ, ಎದ್ದು ಹೋಗಬಹುದು."