ತಕ್ಕಡಿ ಮಾವ

ನಮ್ಮ ಓನರ್‌ಗೆ ಬಾಡಿಗೆದಾರರಾದ ನಾವಿಟ್ಟ ಹೆಸರು ತಕ್ಕಡಿ ಮಾವ. ಕಸದ ಗಾಡಿಯವನ ದುಡ್ಡು ಓನರ್ ಕೊಡಬೇಕೋ ಬಾಡಿಗೆಯವರು ಕೊಡಬೇಕೋ ಅಂತ ಬೀದಿಯೆಲ್ಲ ಜಗಳಾಡುತ್ತಿದ್ದರೆ, ಇವರು ಮೆಟ್ಟಿಲ ಬುಡದಲ್ಲಿ ಕೊಕ್ಕೆ ತಕ್ಕಡಿ ನೇತುಹಾಕಿ ಮಾತು ಮುಗಿಸಿದರು: ಯಾರ ಕಸ ಎಷ್ಟು ತೂಗುತ್ತದೋ ಅವರ ಪಾಲು ಅಷ್ಟು. ಬೆಳಗಾದರೆ ಸಾಕು, ಬನಿಯನ್ ತೊಟ್ಟು, ಚಿನ್ನ ತೂಗುವವರ ಗತ್ತಿನಲ್ಲಿ ಕಣ್ಣು ಕಿರಿದು ಮಾಡಿ ಮುಳ್ಳು ನೋಡುತ್ತಾರೆ. "ಹಸಿ ಕಸ ಹಿಂಡಿ ತನ್ನಿ, ಬರೀ ನೀರಿಗೆ ಯಾಕೆ ದುಡ್ಡು ಕೊಡ್ತೀರಿ?" ಅಂತ ನಮ್ಮ ಮೇಲೆ ಕರುಣೆ ಬೇರೆ. ನನ್ನ ಹೆಂಡತಿ ಕಲ್ಲಂಗಡಿ ಸಿಪ್ಪೆಯನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ ಒಯ್ದಾಗ "ಜಾಣೆ ಕಣಮ್ಮ ನೀನು" ಅಂದರು. ಕೆಳಮನೆ ದರ್ಜಿ ತನ್ನ ಚಿಂದಿಯನ್ನು ನಮ್ಮ ಚೀಲಕ್ಕೆ ತುರುಕಿದಾಗ, ಅದು ಯಾರ ಪ್ಯಾಂಟಿನದು ಅಂತ ಹೇಳಿಯೇ ಅವನನ್ನು ಹಿಡಿದುಹಾಕಿದರು. ಕಳೆದ ವಾರ, ಮಹಡಿಯಲ್ಲಿ ಒಬ್ಬರೇ ಇರುವ ಟೀಚರಮ್ಮನ ಚೀಲ ಮೂರು ದಿನ ಮುಳ್ಳನ್ನೇ ಅಲುಗಿಸಲಿಲ್ಲ. ನಾಲ್ಕನೇ ದಿನ ಮಾವ ಬಿಸಿ ಗಂಜಿ ಹಿಡಿದು ಅವರ ಬಾಗಿಲು ಬಡಿದರು: "ಏನ್ರೀ, ಒಲೇನೇ ಹಚ್ತಿಲ್ವಾ? ಮೊದಲು ಇದನ್ನ ಕುಡೀರಿ. ನಾಳೆ ಕಾಲು ಕೆಜಿಯಾದ್ರೂ ಕಸ ಬರ್ಲಿಲ್ಲ ಅಂದ್ರೆ ಡಾಕ್ಟರನ್ನೇ ಕರ್ಕೊಂಡು ಬರ್ತೀನಿ!"